ಫ್ಲೂ ಜ್ವರದ ಲಸಿಕೆಯೂ ನಮ್ಮೂರ ನರ್ಸಮ್ಮನವರೂ



ಪ್ರತಿ ವರ್ಷ ಮುಂಗಾರು ಹಿಡಿಯುವುದಕ್ಕೆ ಮುಂಚೆ ದನದ ಆಸ್ಪತ್ರೆಯವರು ನಿಮ್ಮ ಊರಿಗೆ ಬರುತ್ತಾರೆ. ಗಂಟಲುಬೇನೆಗೂ ಚಪ್ಪೆ ರೋಗಕ್ಕೂ ಲಸಿಕೆ ಹಾಕುತ್ತಾರೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಹಾಕಿಸಬೇಕೆಂಬುದು, 2019 ರಲ್ಲಿ ದೇಶಕ್ಕೆಲ್ಲ ಒಂದೇ ಕಾರ್ಯಕ್ರಮ ಬಂದ ಮೇಲೆ, ಮನೆಯ ಮಕ್ಕಳಿಗೂ ಗೊತ್ತಾಗಿದೆ. ‘ಹೋದ ವರ್ಷ ಹಾಕಿಸಿದ್ದೆನಲ್ಲ, ಈ ವರ್ಷ ಮತ್ತೆ ಯಾಕೆ?’ ಎಂದು ನನ್ನನ್ನು ಕೇಳುವವರು ಈಗ ಬಹಳ ಕಡಿಮೆ. ಹಾಲು ಕರೆಯುವ ಹಸು ಒಂದು ರಾತ್ರಿಯಲ್ಲಿ ಗಂಟಲು ಊದಿ ಬಿದ್ದುಹೋಗುವುದನ್ನು ಕಂಡವರು ಆ ಪ್ರಶ್ನೆ ಕೇಳುವುದಿಲ್ಲ.

ಆದರೆ ಅದೇ ಮನೆಯ ಜಗಲಿಯ ಮೇಲೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕುಳಿತಿರುತ್ತಾರೆ. ಒಳಗೆ ಐದು ತಿಂಗಳ ಬಸುರಿ ಸೊಸೆ ರೊಟ್ಟಿ ತಟ್ಟುತ್ತಿರುತ್ತಾಳೆ. ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆಯೋ ದಮ್ಮೋ ಇರುತ್ತದೆ. ಮಳೆಗಾಲದ ಜ್ವರಕ್ಕೆ ಇವರಿಗೂ ಒಂದು ಲಸಿಕೆ ಇದೆ, ಅದನ್ನೂ ಮಳೆಗೆ ಮುಂಚೆ ಹಾಕಿಸಬೇಕು, ಅದನ್ನೂ ವರ್ಷವರ್ಷ ಹಾಕಿಸಬೇಕು ಎಂದರೆ ಮಾತ್ರ, ‘ಬಿಡಿ ಸ್ವಾಮಿ, ನೆಗಡಿಗೆಲ್ಲ ಸೂಜಿಯೇ?’ ಎಂದು ನಗುತ್ತಾರೆ. ನಾನೂ ಹಾಗೆಯೇ ನಕ್ಕವನು. ನಗು ಎಲ್ಲಿಗೆ ಮುಟ್ಟಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಆಗಸ್ಟ್ ತಿಂಗಳಿನಲ್ಲಿ ನಾನು ತರಬೇತಿಗೆಂದು ಪಟ್ಟಣಕ್ಕೆ ಹೋಗಿದ್ದೆ. ವಾಪಸು ಬರುವ ಬಸ್ಸಿನಲ್ಲೇ ಮೈಯೆಲ್ಲ ಜಜ್ಜಿದಂತಾಯಿತು. ಚಳಿ, ತಲೆನೋವು, ಒಣ ಕೆಮ್ಮು. ಮನೆಗೆ ಬಂದವನು ಪಡಸಾಲೆಯಲ್ಲಿ ನನ್ನ ಅಜ್ಜಿಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಮಲಗಿದೆ. ಅಜ್ಜಿಯೇ ಎದ್ದು ಮೆಣಸು ಜಜ್ಜಿ ಕಷಾಯ ಕಾಸಿ ಕೊಟ್ಟಳು, ರಾತ್ರಿಯೆಲ್ಲ ಹಣೆ ಮುಟ್ಟಿ ನೋಡಿದಳು. ನನಗೆ ಐದು ದಿನಕ್ಕೆ ಜ್ವರ ಬಿಟ್ಟಿತು. ಅಷ್ಟು ಹೊತ್ತಿಗೆ ಅವಳಿಗೆ ಹಿಡಿದಿತ್ತು. ಇನ್ನು ನಾಲ್ಕು ದಿನ ಕಳೆಯುವುದರೊಳಗೆ ಏದುಸಿರು ಬಂದು, ಮಾತು ತೊದಲಿ, ಜಿಲ್ಲಾ ಆಸ್ಪತ್ರೆಗೆ ಸೇರಿಸಬೇಕಾಯಿತು. ಗಂಟಲಿನ ದ್ರವ ತೆಗೆದು ಪರೀಕ್ಷಿಸಿ ‘ಫ್ಲೂ, ಅದರ ಮೇಲೆ ನ್ಯುಮೋನಿಯ’ ಎಂದರು. ಹನ್ನೊಂದು ದಿನ ಆಮ್ಲಜನಕ. ಅಜ್ಜಿ ಬದುಕಿ ಮನೆಗೆ ಬಂದಳು, ನಿಜ. ಆದರೆ ಅದಕ್ಕೆ ಹಿಂದೆ ಹಟ್ಟಿ ಗುಡಿಸಿ, ಸೊಪ್ಪು ಬಿಡಿಸಿ, ಸಂತೆಗೂ ನಡೆದೇ ಹೋಗುತ್ತಿದ್ದವಳು ಈಗ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ. ಆ ಜ್ವರವನ್ನು ಮನೆಗೆ ತಂದವನು ನಾನು.

ಫ್ಲೂ ಎಂದರೆ ಇನ್‌ಫ್ಲುಯೆಂಜ. ಬರಿಯ ನೆಗಡಿಗೂ ಇದಕ್ಕೂ ವ್ಯತ್ಯಾಸವಿದೆ. ನೆಗಡಿ ಮೆಲ್ಲಗೆ ಬರುತ್ತದೆ, ಮೂಗು ಸೋರಿಸಿ ಹೋಗುತ್ತದೆ. ಫ್ಲೂ ಹಠಾತ್ತನೆ ಬರುತ್ತದೆ. ಬೆಳಿಗ್ಗೆ ನೇಗಿಲು ಹಿಡಿದಿದ್ದವರು ಸಂಜೆಗೆ ಕಂಬಳಿ ಹೊದ್ದು ಮಲಗುತ್ತಾರೆ. ಇದಕ್ಕೆ ಕಾರಣ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದಾದ ಒಂದು ವೈರಸ್. ರೋಗಿ ಕೆಮ್ಮಿದಾಗ, ಸೀನಿದಾಗ, ಹತ್ತಿರ ಕುಳಿತು ಮಾತನಾಡಿದಾಗ ಹಾರುವ ತುಂತುರಿನಲ್ಲಿ ಅದು ಇನ್ನೊಬ್ಬರ ಮೂಗು ಬಾಯಿ ಸೇರುತ್ತದೆ. ಮೂಗು ಒರೆಸಿಕೊಂಡ ಕೈಯಿಂದಲೂ ಹರಡುತ್ತದೆ. ಸೋಂಕು ತಗಲಿದ ಒಂದರಿಂದ ನಾಲ್ಕು ದಿನದೊಳಗೆ ಜ್ವರ ಕಾಣಿಸುತ್ತದೆ. ಇಲ್ಲೊಂದು ಮೋಸವಿದೆ. ಜ್ವರ ಕಾಣಿಸುವುದಕ್ಕೆ ಒಂದು ದಿನ ಮುಂಚಿನಿಂದಲೇ ಆ ಮನುಷ್ಯ ರೋಗವನ್ನು ಹಂಚಲಾರಂಭಿಸುತ್ತಾನೆ. ಕಾಣಿಸಿದ ಮೇಲೆ ಐದರಿಂದ ಏಳು ದಿನದವರೆಗೂ ಹಂಚುತ್ತಾನೆ. ಆದುದರಿಂದ ‘ಕಾಯಿಲೆಯವರಿಂದ ದೂರವಿರುತ್ತೇನೆ, ಸಾಕು’ ಎಂಬ ಲೆಕ್ಕ ಪೂರ್ತಿ ಕೈಗೂಡುವುದಿಲ್ಲ.

ಗಟ್ಟಿಮುಟ್ಟಾದ ಆಳಿಗೆ ಇದು ಒಂದು ವಾರದ ಕೂಲಿಯ ನಷ್ಟ. ಕಳೆ ತೆಗೆಯುವ ಹೊತ್ತಿನಲ್ಲಿ ಆ ನಷ್ಟವೇನೂ ಕಡಿಮೆಯದಲ್ಲ. ಆದರೆ ಮುದುಕರಿಗೆ, ಬಸುರಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ, ದಮ್ಮು, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರಪಂಚದಲ್ಲಿ ವರ್ಷಕ್ಕೆ 2 ಲಕ್ಷ 90 ಸಾವಿರದಿಂದ 6 ಲಕ್ಷ 50 ಸಾವಿರ ಜನ ಈ ಜ್ವರದಿಂದ ಉಸಿರಾಟದ ತೊಂದರೆಯಾಗಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಮ್ಮ ದೇಶಕ್ಕೆ ಇದು ಹೊಸದೇನಲ್ಲ. 1918 ರಲ್ಲಿ ಮೊದಲ ಮಹಾಯುದ್ಧ ಮುಗಿಯುತ್ತಿದ್ದಾಗ ಮುಂಬಯಿ ಬಂದರಿನ ಕಡೆಯಿಂದ ಹಬ್ಬಿದ ಇನ್‌ಫ್ಲುಯೆಂಜ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತಿಂದಿತೆಂದು ಲೆಕ್ಕ ಹಾಕಿದ್ದಾರೆ. ಆಗ ಸತ್ತವರಲ್ಲಿ ದುಡಿಯುವ ವಯಸ್ಸಿನವರೇ ಬಹಳ. ಲಸಿಕೆ ಇರಲಿಲ್ಲ, ವೈರಸ್ ಎಂಬುದೇ ಆ ಜ್ವರಕ್ಕೆ ಕಾರಣವೆಂದು ಯಾರಿಗೂ ತಿಳಿದಿರಲಿಲ್ಲ. ಮನುಷ್ಯರ ಫ್ಲೂ ವೈರಸ್ಸನ್ನು ಬೇರ್ಪಡಿಸಿದ್ದು 1933 ರಲ್ಲಿ, ಲಂಡನ್ನಿನಲ್ಲಿ. 1957 ರಲ್ಲಿ ಇನ್ನೊಂದು ಬಗೆ ಹಡಗಿನಲ್ಲಿ ಮದರಾಸಿಗೆ ಬಂದು ದೇಶವನ್ನೆಲ್ಲ ಸುತ್ತಿತು. 2009 ರಲ್ಲಿ ಬಂದದ್ದು ನಿಮಗೆಲ್ಲ ನೆನಪಿರಬೇಕು, ಅದನ್ನೇ ‘ಹಂದಿ ಜ್ವರ’ ಎಂದು ಕರೆದೆವು. ಆ ಹೆಸರಿನಿಂದ ಆದ ಗಲಿಬಿಲಿ ಇನ್ನೂ ಹೋಗಿಲ್ಲ. ಅದು ಹಂದಿಯ ಮಾಂಸ ತಿಂದರೆ ಬರುವುದಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡುವುದು. ಆ ಎಚ್1ಎನ್1 ಬಗೆ ಎಲ್ಲಿಗೂ ಹೋಗಲಿಲ್ಲ. ಪ್ರತಿ ವರ್ಷ ಬರುವ ಫ್ಲೂ ಜ್ವರಗಳಲ್ಲಿ ತಾನೂ ಒಂದಾಗಿ ನಮ್ಮಲ್ಲೇ ಉಳಿದುಕೊಂಡಿದೆ. 2015 ರಲ್ಲಿ ಮತ್ತೆ ದೇಶದಲ್ಲೆಲ್ಲ ಜೋರಾಗಿ ಎದ್ದಿತ್ತು. ವರ್ಷವರ್ಷ ಹಾಕಿಸಿಕೊಳ್ಳುವ ಫ್ಲೂ ಲಸಿಕೆಯಲ್ಲಿ ಅದಕ್ಕೂ ತಡೆ ಸೇರಿರುತ್ತದೆ.

ಹಾಗಾದರೆ ಪೋಲಿಯೋ ಹನಿಯಂತೆ ಚಿಕ್ಕಂದಿನಲ್ಲಿ ಹಾಕಿಸಿ ಸುಮ್ಮನಿರಲಾಗದೇ? ಪ್ರತಿ ವರ್ಷ ಏಕೆ? ಈ ಪ್ರಶ್ನೆಗೆ ಉತ್ತರ ನಿಮ್ಮ ಹೊಲದಲ್ಲೇ ಇದೆ. ಬೆಂಕಿರೋಗಕ್ಕೆ ಬಗ್ಗದ ಬತ್ತದ ತಳಿಯೆಂದು ಒಂದನ್ನು ಬಿಡುಗಡೆ ಮಾಡುತ್ತಾರೆ. ಕೆಲವು ವರ್ಷ ಚೆನ್ನಾಗಿ ನಿಲ್ಲುತ್ತದೆ. ಆಮೇಲೆ ಒಂದು ವರ್ಷ ಅದೇ ತಳಿಯ ಗರಿಯ ಮೇಲೆ ಚುಕ್ಕೆ ಕಾಣುತ್ತದೆ. ಆಗ ತಳಿ ಬದಲಾಗಿರುವುದಿಲ್ಲ, ರೋಗದ ಶಿಲೀಂಧ್ರ ಹೊಸ ಬಗೆಯಾಗಿ ಬಂದಿರುತ್ತದೆ. ಫ್ಲೂ ವೈರಸ್ ಮಾಡುವುದೂ ಇದನ್ನೇ, ಅದಕ್ಕಿಂತ ಬಹಳ ಬೇಗ. ಒಂದರಿಂದ ಸಾವಿರವಾಗಿ ಬೆಳೆಯುವಾಗ ಅದು ತನ್ನ ಪಡಿಯಚ್ಚನ್ನು ತಾನೇ ತಪ್ಪುತಪ್ಪಾಗಿ ಬರೆದುಕೊಳ್ಳುತ್ತದೆ. ಆ ತಪ್ಪುಗಳಿಂದ ಅದರ ಹೊರಮೈ ಸ್ವಲ್ಪ ಸ್ವಲ್ಪವೇ ಬದಲಾಗಿ, ಹೋದ ವರ್ಷ ಅದನ್ನು ಗುರುತು ಹಿಡಿದಿದ್ದ ನಮ್ಮ ದೇಹ ಈ ವರ್ಷ ಗುರುತಿಸದೆ ಹೋಗುತ್ತದೆ. ಇದರ ಜೊತೆಗೆ ಲಸಿಕೆಯಿಂದ ಬಂದ ಶಕ್ತಿಯೂ ತಿಂಗಳುಗಳು ಕಳೆದಂತೆ ಇಳಿಯುತ್ತದೆ.

ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರ ಗೋಳಕ್ಕೂ ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಕ್ಕೂ, ಮುಂದಿನ ಹಂಗಾಮಿನ ಲಸಿಕೆಯಲ್ಲಿ ಯಾವ ಯಾವ ಬಗೆಯ ವೈರಸ್ ಇರಬೇಕೆಂದು ನಿಶ್ಚಯಿಸಿ ಹೇಳುತ್ತಾರೆ. ಕೆಲವು ವರ್ಷ ನಾಲ್ಕು ಬಗೆ ಸೇರಿಸುತ್ತಿದ್ದರು. ಅವುಗಳಲ್ಲಿ ಒಂದು ಬಗೆ 2020 ರ ಮಾರ್ಚಿಯಿಂದೀಚೆಗೆ ಪ್ರಪಂಚದಲ್ಲಿ ಎಲ್ಲೂ ಕಾಣಿಸಿಲ್ಲವಾದ್ದರಿಂದ ಮೂರು ಬಗೆಯ ಲಸಿಕೆಯೇ ಸಾಕೆಂದು ಈಗ ಹೇಳುತ್ತಾರೆ. ಅಂಗಡಿಯವರು ‘ಇದು ಮೂರರದು’ ಎಂದರೆ ಕಡಿಮೆ ಮಾಲೆಂದು ತಿಳಿಯಬೇಡಿ.

ಲಸಿಕೆ ತಯಾರಾಗುವ ರೀತಿ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಬಹುಪಾಲು ಫ್ಲೂ ಲಸಿಕೆ ಬೆಳೆಯುವುದು ಕೋಳಿ ಮೊಟ್ಟೆಯಲ್ಲಿ. ಹತ್ತು ಹನ್ನೊಂದು ದಿನ ಕಾವು ಕೊಟ್ಟ ಮೊಟ್ಟೆಯೊಳಕ್ಕೆ ವೈರಸ್ಸನ್ನು ಬಿಟ್ಟು, ಎರಡು ಮೂರು ದಿನ ಬೆಳೆಯಗೊಟ್ಟು, ಒಳಗಿನ ದ್ರವವನ್ನು ತೆಗೆದು, ವೈರಸ್ಸನ್ನು ಸಾಯಿಸಿ, ಶುದ್ಧ ಮಾಡಿ ಸೂಜಿಮದ್ದಾಗಿಸುತ್ತಾರೆ. ಅದಕ್ಕೆಂದೇ ಕೋಳಿ ಸಾಕುವ ದೊಡ್ಡ ದೊಡ್ಡ ಫಾರಂಗಳಿವೆ. ಸೂಜಿಯಲ್ಲಿರುವುದು ಸತ್ತ ವೈರಸ್ಸಿನ ಚೂರುಗಳು. ಸುಟ್ಟ ಕಾಳು ಮೊಳೆಯುವುದಿಲ್ಲವಷ್ಟೆ, ಅದರಂತೆ ಈ ಸೂಜಿಯಿಂದ ಫ್ಲೂ ಬರಲಾರದು. ಹಾಕಿಸಿಕೊಂಡ ದಿನ ತೋಳು ನೋಯಬಹುದು, ಒಂದೆರಡು ದಿನ ಸಣ್ಣಗೆ ಮೈ ಬಿಸಿಯಾಗಬಹುದು. ‘ಸೂಜಿ ಹಾಕಿಸಿಕೊಂಡ ಮೇಲೇ ಜ್ವರ ಬಂತು’ ಎನ್ನುವವರಲ್ಲಿ ಕೆಲವರು ಹೇಳುವುದು ಈ ಮೈಬಿಸಿಯನ್ನು. ಇನ್ನು ಕೆಲವರು ತಡಮಾಡಿ, ಊರಲ್ಲಿ ಜ್ವರ ಎದ್ದ ಮೇಲೆ ಓಡಿಬಂದು ಹಾಕಿಸಿಕೊಂಡವರು. ಲಸಿಕೆ ದೇಹದಲ್ಲಿ ಕಾವಲು ಕಟ್ಟಲು ಸುಮಾರು ಎರಡು ವಾರ ಬೇಕು. ಬೆಳೆಗೆ ಹುಳು ಬಿದ್ದ ಮೇಲೆ ಬೀಜೋಪಚಾರ ಮಾಡಲಾದೀತೇ?

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಇದು ಪೂರ್ತಿ ರಕ್ಷಣೆ ಕೊಡುವ ಲಸಿಕೆಯಲ್ಲ. ಆ ವರ್ಷದ ವೈರಸ್ಸಿಗೂ ಲಸಿಕೆಗೂ ಚೆನ್ನಾಗಿ ಹೊಂದಿಕೆಯಾದಾಗ, ಫ್ಲೂ ಬಂದು ಡಾಕ್ಟರ ಬಾಗಿಲಿಗೆ ಹೋಗಬೇಕಾದ ಸಂಭವ ನೂರಕ್ಕೆ 40 ರಿಂದ 60 ರಷ್ಟು ಕಡಿಮೆಯಾಗುತ್ತದೆ. ಹೊಂದಿಕೆ ಸರಿಯಾಗದ ವರ್ಷಗಳಲ್ಲಿ ಇನ್ನೂ ಕಡಿಮೆ. ಬಹಳ ವಯಸ್ಸಾದವರಲ್ಲಿ ಲಸಿಕೆ ಅಷ್ಟು ಬಲವಾಗಿ ಕೆಲಸ ಮಾಡುವುದಿಲ್ಲ. ಆದರೆ ಹಾಕಿಸಿಕೊಂಡವರಿಗೆ ಜ್ವರ ಬಂದರೂ ಆಸ್ಪತ್ರೆ ಸೇರುವಷ್ಟು ಆಗುವುದು ಅಪರೂಪವಾಗುತ್ತದೆ. ಬೆಳೆ ಔಷಧಿ ಮಾರುವವರು ‘ಒಂದೇ ಸಿಂಪಡಣೆ, ಎಲ್ಲ ಮಾಯ’ ಎಂದಾಗ ನಾನು ನಿಮಗೆ ಎಚ್ಚರಿಕೆ ಹೇಳುತ್ತೇನೆ. ಅದೇ ಬಾಯಿಂದ ಲಸಿಕೆಯ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡಿದರೆ ಆಗುತ್ತದೆಯೇ?

ಈಗ ನರ್ಸಮ್ಮನವರ ವಿಷಯ. ಕಾಗದದ ಮೇಲೆ ಅವರ ಹುದ್ದೆಯ ಹೆಸರು ಮೊದಲು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದಿತ್ತು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದಾಗಿದೆ. ನಮ್ಮ ಬಾಯಲ್ಲಿ ಮಾತ್ರ ಅವರು ನರ್ಸಮ್ಮ, ಇಲ್ಲವೆ ಸಿಸ್ಟರು. ಅವರ ಕೆಲಸವೆಂದರೆ ಸೂಜಿ ಚುಚ್ಚುವುದು ಎಂದು ನಾವು ತಿಳಿದಿದ್ದೇವೆ. ಚುಚ್ಚುವುದಕ್ಕೆ ಅರ್ಧ ನಿಮಿಷ ಸಾಕು. ಉಳಿದ ಕೆಲಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ನಾನು ಮಾಡಿದ ಒಂದು ತಪ್ಪಿನಿಂದ.

ಅಜ್ಜಿ ಆಸ್ಪತ್ರೆಯಿಂದ ಬಂದ ಮರುವರ್ಷ, ಮೇ ತಿಂಗಳಲ್ಲಿ, ಡಾಕ್ಟರ ಚೀಟಿ ಹಿಡಿದು ಪಟ್ಟಣದ ಔಷಧಿ ಅಂಗಡಿಯಲ್ಲಿ ಲಸಿಕೆ ಕೊಂಡುಕೊಂಡೆ. ಅಂಗಡಿಯವರು ಐಸಿನ ಚೀಲದಲ್ಲಿಟ್ಟು, ‘ನೆಟ್ಟಗೆ ಆಸ್ಪತ್ರೆಗೆ ಹೋಗಿ’ ಎಂದು ಹೇಳಿಯೇ ಕೊಟ್ಟರು. ನಾನು ನೆಟ್ಟಗೆ ಹೋಗಲಿಲ್ಲ. ದಾರಿಯಲ್ಲಿ ತೆಂಗಿಗೆ ಕಪ್ಪುತಲೆ ಹುಳು ಬಿದ್ದಿದೆಯೆಂದು ಒಬ್ಬ ರೈತರು ಕರೆದರು. ತೋಟ ಸುತ್ತಿ, ಎಳನೀರು ಕುಡಿದು, ಮಾತು ಬೆಳೆದು ಮೂರು ಗಂಟೆ ಹೊತ್ತಾಯಿತು. ಅಷ್ಟೂ ಹೊತ್ತು ಆ ಚೀಲ ಬಿಸಿಲಿನಲ್ಲಿ ನಿಂತ ಬೈಕಿನ ಡಬ್ಬದೊಳಗಿತ್ತು. ಆಸ್ಪತ್ರೆಗೆ ಹೋದಾಗ ಐಸು ಬಿಸಿನೀರಾಗಿತ್ತು. ನರ್ಸಮ್ಮ ಪೊಟ್ಟಣವನ್ನು ಅಂಗೈಯಲ್ಲಿಟ್ಟು ನೋಡಿ, ‘ಇದನ್ನು ನಾನು ಹಾಕೋದಿಲ್ಲ ಸಾರ್’ ಎಂದರು.

‘ಬಣ್ಣವೇನೂ ಕೆಟ್ಟಿಲ್ಲವಲ್ಲ ಸಿಸ್ಟರ್’ ಎಂದೆ.

‘ಬಣ್ಣ ನೋಡಿದ್ರೆ ಗೊತ್ತಾಗೋ ಹಾಗಿದ್ರೆ ನಮ್ಮ ಫ್ರಿಜ್ಜಿಗೆ ಥರ್ಮಾಮೀಟರ್ ಯಾಕೆ ಇಡಬೇಕಿತ್ತು? ರೈಜೋಬಿಯಂ ಪೊಟ್ಟಣ ಬಿಸಿಲಲ್ಲಿ ಇಡಬೇಡಿ ಅಂತ ಊರಿಗೆಲ್ಲ ಹೇಳೋರು ನೀವೇ ಅಲ್ವಾ ಸಾರ್?’

ಬೆಂಚಿನ ಮೇಲೆ ಕುಳಿತಿದ್ದವರೆಲ್ಲ ನಕ್ಕರು. ನನಗೆ ದುಡ್ಡು ಹೋಯಿತೆಂಬ ಸಂಕಟ, ಅವರು ಸುಮ್ಮನೆ ಹಟ ಮಾಡುತ್ತಿದ್ದಾರೆಂಬ ಕೋಪ. ಆಮೇಲೆ ಯೋಚಿಸಿದೆ. ಅವರು ದಾಕ್ಷಿಣ್ಯಕ್ಕೆ ಬಿದ್ದು ಹಾಕಿಬಿಟ್ಟಿದ್ದರೆ ಅಜ್ಜಿಯ ತೋಳು ನೋಯುತ್ತಿತ್ತು, ನನಗೆ ಸಮಾಧಾನವಾಗುತ್ತಿತ್ತು, ಆದರೆ ಒಳಗೆ ಕಾವಲು ಕಟ್ಟುತ್ತಿತ್ತೆಂದು ನಂಬುವ ಹಾಗಿರಲಿಲ್ಲ. ಆಗಸ್ಟಿನಲ್ಲಿ ಮತ್ತೆ ಜ್ವರ ಬಂದಿದ್ದರೆ ‘ಲಸಿಕೆಯೇ ಸುಳ್ಳು’ ಎಂದು ನಾನೇ ನಾಲ್ಕು ಊರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ಫ್ಲೂ ಲಸಿಕೆ 2 ರಿಂದ 8 ಡಿಗ್ರಿ ಸೆಲ್ಸಿಯಸ್ಸಿನ ತಂಪಿನಲ್ಲೇ ಇರಬೇಕು. ಬಿಸಿ ತಗಲಿದರೆ ಕೆಡುತ್ತದೆ. ಹೆಪ್ಪುಗಟ್ಟಿದರೂ ಕೆಡುತ್ತದೆ, ಇದನ್ನು ಬಹಳ ಮಂದಿ ಅರಿಯರು. ಮನೆಯ ಫ್ರಿಜ್ಜಿನ ಐಸಿನ ಗೂಡಿನಲ್ಲಿ ಭದ್ರವಾಗಿ ಇಟ್ಟಿದ್ದೇನೆ ಎನ್ನುವವರು ಅದನ್ನು ಕೊಂದಂತೆಯೇ. ಆರೋಗ್ಯ ಕೇಂದ್ರದಲ್ಲಿ ಲಸಿಕೆಗೆಂದೇ ಬೇರೆ ಶೀತಪೆಟ್ಟಿಗೆ ಇದೆ; ಕರೆಂಟು ಹೋದರೂ ಗೋಡೆಯೊಳಗಿನ ಮಂಜುಗಡ್ಡೆಯ ಬಲದಿಂದ ತಂಪು ಹಿಡಿದುಕೊಳ್ಳುತ್ತದೆ. ನರ್ಸಮ್ಮ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅದರ ಡಿಗ್ರಿ ನೋಡಿ ಬರೆಯುತ್ತಾರೆ. ಗುರುವಾರದ ದಿನ ಮಕ್ಕಳ ಲಸಿಕೆಗೆ ಅವರು ಹೆಗಲಿಗೆ ಹಾಕಿಕೊಂಡು ಬರುವ ಪೆಟ್ಟಿಗೆಯನ್ನು ನೋಡಿದ್ದೀರಷ್ಟೆ. ಅದರೊಳಗಿನ ಐಸು ಬಿಲ್ಲೆಗಳನ್ನು ಗಟ್ಟಿಯಾಗಿರುವಾಗಲೇ ತುಂಬಿದರೆ ಲಸಿಕೆ ಹೆಪ್ಪುಗಟ್ಟೀತೆಂದು, ಹೊರಗಿಟ್ಟು, ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬರುವತನಕ ಕಾದು ಆಮೇಲೆ ತುಂಬುತ್ತಾರೆ. ನಾವು ಅಂಗನವಾಡಿಯ ಮುಂದೆ ನಿಂತು ‘ಇವತ್ತೂ ತಡ’ ಎಂದು ಗೊಣಗುವಾಗ ಅವರು ಆ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದರೂ ಇದ್ದಾರು.

ಸೂಜಿಗೆ ಮುಂಚೆ ಅವರು ಕೇಳುವ ಪ್ರಶ್ನೆಗಳಿಗೂ ಅರ್ಥವಿದೆ. ಈಗ ಮೈಯಲ್ಲಿ ಜೋರು ಜ್ವರವಿದೆಯೇ? ಇದ್ದರೆ ಇಳಿದ ಮೇಲೆ ಬನ್ನಿ ಎನ್ನುತ್ತಾರೆ. ಹಿಂದೆ ಯಾವುದಾದರೂ ಸೂಜಿಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತೇ? ಮೊಟ್ಟೆ ತಿಂದರೆ ಆಗುವುದಿಲ್ಲವೇ? ಕೈಕಾಲು ಬಲ ಬಿದ್ದುಹೋಗಿ ಆಸ್ಪತ್ರೆ ಸೇರಿದ್ದುಂಟೇ? ಇವುಗಳಿಗೆ ಹೌದೆಂದರೆ ಡಾಕ್ಟರನ್ನು ಕೇಳಿಯೇ ಮುಂದುವರಿಯುತ್ತಾರೆ. ದಯವಿಟ್ಟು ‘ಏನೂ ಇಲ್ಲ ಹಾಕಮ್ಮ’ ಎಂದು ಅವಸರ ಮಾಡಬೇಡಿ. ಹಾಕಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ, ಕೆಲವರನ್ನು ಅರ್ಧ ಗಂಟೆ ಕೂರಿಸುತ್ತಾರೆ. ಲಕ್ಷಾಂತರ ಜನರಲ್ಲಿ ಎಲ್ಲೋ ಒಬ್ಬರಿಗೆ ಲಸಿಕೆ ಒಗ್ಗದೆ ಉಸಿರು ಕಟ್ಟಬಹುದು. ಅದು ಸಾಮಾನ್ಯವಾಗಿ ಆ ಹೊತ್ತಿನೊಳಗೇ ಕಾಣಿಸುತ್ತದೆ. ಅದಕ್ಕೆ ಬೇಕಾದ ಅಡ್ರಿನಲಿನ್ ಮದ್ದು ಅವರ ಕೈಯಳತೆಯಲ್ಲೇ ಇರುತ್ತದೆ. ಬಸ್ಸು ಹೊರಟುಹೋಗುತ್ತದೆಂದು ಎದ್ದು ಓಡಿದರೆ ಅಷ್ಟು ಏರ್ಪಾಡೂ ವ್ಯರ್ಥ.

ನರ್ಸಮ್ಮ ತಮಗೂ ವರ್ಷವರ್ಷ ಈ ಲಸಿಕೆ ಹಾಕಿಸಿಕೊಳ್ಳಬೇಕು. ದಿನಕ್ಕೆ ಎಷ್ಟೋ ಮಂದಿ ಅವರ ಮುಖದ ಮುಂದೆ ಕೆಮ್ಮುತ್ತಾರೆ. ಅಲ್ಲಿಂದೆದ್ದು ಅವರು ಬಾಣಂತಿಯ ಮನೆಗೆ ಹೋಗುತ್ತಾರೆ, ಹಸುಗೂಸನ್ನು ಎತ್ತಿಕೊಂಡು ತೂಗುತ್ತಾರೆ. ಅವರಿಗೆ ಜ್ವರ ಬಂದರೆ ಅದು ಒಬ್ಬರಲ್ಲಿ ನಿಲ್ಲುವುದಿಲ್ಲ. ಈ ದೃಷ್ಟಿಯಿಂದಲೇ ಆರೋಗ್ಯ ಇಲಾಖೆಗಳು ತಮ್ಮ ಸಿಬ್ಬಂದಿಗೆ ಫ್ಲೂ ಲಸಿಕೆ ಬೇಕೆನ್ನುತ್ತವೆ. ನಿಮ್ಮ ಊರಿನ ಸಿಸ್ಟರು ಹಾಕಿಸಿಕೊಂಡಿದ್ದಾರೆಯೇ ಎಂದು ಗೌರವದಿಂದ ಕೇಳಿದರೆ ತಪ್ಪೇನಿಲ್ಲ. ಊರು ತಮ್ಮನ್ನು ವಿಚಾರಿಸುತ್ತದೆಂದು ಅವರಿಗೂ ಸಂತೋಷವಾದೀತು. ಕೋವಿಡ್ ಕಾಲದಲ್ಲಿ, 2021 ರ ಅಕ್ಟೋಬರ್ 21 ಕ್ಕೆ ನಮ್ಮ ದೇಶದಲ್ಲಿ 100 ಕೋಟಿ ಡೋಸು ಲಸಿಕೆ ಮುಗಿಯಿತೆಂದು ಪತ್ರಿಕೆಗಳೆಲ್ಲ ಬರೆದವು. ಆ ನೂರು ಕೋಟಿಯಲ್ಲಿ ಬಹುಪಾಲು ಇಂಥ ಅಕ್ಕತಂಗಿಯರ ಕೈಯಿಂದಲೇ ನಡೆದದ್ದು. ಅಂದಹಾಗೆ ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದೇನೆ, ಇದು ಬೇಡವೆನ್ನುವವರಿದ್ದಾರೆ. ಅದು ಬೇರೆ ರೋಗ, ಇದು ಬೇರೆ ರೋಗ. ಕಾಲುಬಾಯಿ ಜ್ವರದ ಸೂಜಿ ಗಂಟಲುಬೇನೆಗೆ ನಡೆಯುವುದಿಲ್ಲ.

ಯಾರಿಗೆ ಹಾಕಿಸಬೇಕು? ಆರು ತಿಂಗಳು ತುಂಬಿದ ಮಗುವಿನಿಂದ ಹಿಡಿದು ಯಾರಿಗಾದರೂ ಹಾಕಬಹುದು. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಸಲ ಬೇಕು. ಆದರೆ ಇಲ್ಲಿ ಹಣದ ಮಾತು ಬರುತ್ತದೆ. ಫ್ಲೂ ಲಸಿಕೆ ಮಕ್ಕಳಿಗೆ ಗುರುವಾರ ಪುಕ್ಕಟೆಯಾಗಿ ಹಾಕುವ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವೊಮ್ಮೆ ಕೆಲವರಿಗೆಂದು ಬರುತ್ತದೆ, ಬಹಳ ಸಲ ಇರುವುದಿಲ್ಲ, ಕೊಂಡೇ ಹಾಕಿಸಬೇಕಾಗುತ್ತದೆ. ಅಗ್ಗವೂ ಅಲ್ಲ, ಪೊಟ್ಟಣದ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚು ಕೊಡಬೇಡಿ. ಮನೆಮಂದಿಗೆಲ್ಲ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲವೆಂಬುದನ್ನು ನಾನು ಬಲ್ಲೆ. ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರಿಗೇ ಆಗುವಷ್ಟು ಹಣವಿದ್ದರೆ ಮನೆಯ ಬಸುರಿಗೆ ಹಾಕಿಸಿ. ಯಾವ ತಿಂಗಳಲ್ಲಾದರೂ ಹಾಕಬಹುದು. ತಾಯಿಗೆ ಬಂದ ಶಕ್ತಿ ಹುಟ್ಟುವ ಮಗುವಿಗೂ ಹೋಗಿ, ಮಗುವಿಗೆ ಹಾಕಲಾಗದ ಮೊದಲ ಆರು ತಿಂಗಳು ಅದನ್ನು ಕಾಯುತ್ತದೆ. ಒಂದು ಸೂಜಿಗೆ ಎರಡು ಜೀವ. ಅವರಿಲ್ಲದ ಮನೆಯಲ್ಲಿ ಹಿರಿಯರಿಗೆ, ಅದರಲ್ಲೂ ದಮ್ಮು, ಸಕ್ಕರೆ, ಹೃದಯದ ಕಾಯಿಲೆ ಇರುವವರಿಗೆ. ಆಮೇಲೆ ನನ್ನಂತೆ ಊರೂರು ತಿರುಗಿ ಮನೆಗೆ ಬರುವವರು.

ಲಸಿಕೆ ಹಾಕಿಸಿಕೊಂಡಿದ್ದರೂ ಇಲ್ಲದಿದ್ದರೂ, ಮನೆಯಲ್ಲಿ ಈ ಜ್ವರ ಕಂಡರೆ ರೋಗಿಯನ್ನು ಬೇರೆ ಮಲಗಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಸಿ, ಗಂಜಿ ನೀರು ಧಾರಾಳವಾಗಿ ಕೊಡಿ. ಮದುವೆಗೂ ಸಂತೆಗೂ ಕಳುಹಿಸಬೇಡಿ. ಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಅದು ವೈರಸ್ಸನ್ನು ಕೊಲ್ಲುವುದಿಲ್ಲ. ಅಂಗಡಿಯಲ್ಲಿ ಕೇಳಿ ತರುವ ಆಂಟಿಬಯೋಟಿಕ್ ಮಾತ್ರೆಯೂ ಕೊಲ್ಲುವುದಿಲ್ಲ. ಮೇಲೆ ಹೇಳಿದ ನಾಜೂಕಿನವರಿಗೆ ಜ್ವರ ಬಂದರೆ ಕಾಯದೆ ಮೊದಲ ಎರಡು ದಿನದೊಳಗೇ ಡಾಕ್ಟರಿಗೆ ತೋರಿಸಿ. ಫ್ಲೂವಿಗೆಂದೇ ಒಸೆಲ್ಟಾಮಿವಿರ್ ಎಂಬ ಮಾತ್ರೆ ಇದೆ, ಅದು ಚೆನ್ನಾಗಿ ಕೆಲಸ ಮಾಡುವುದು 48 ಗಂಟೆಯೊಳಗೆ ಶುರುಮಾಡಿದಾಗ. ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ಮಂಪರು, ಬಿಟ್ಟ ಜ್ವರ ಮತ್ತೆ ಏರುವುದು, ಮಗು ಹಾಲು ಕುಡಿಯದಿರುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, 108 ಕ್ಕೆ ಫೋನು ಮಾಡಿ. ನನ್ನ ಅಜ್ಜಿಯ ವಿಷಯದಲ್ಲಿ ನಾವು ಏದುಸಿರನ್ನು ಒಂದು ರಾತ್ರಿ ‘ವಯಸ್ಸಿನದು’ ಎಂದು ಸುಮ್ಮನಿದ್ದೆವು.

ಆ ಹಾಳಾದ ಸೂಜಿಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅಂದು ಬೆಂಚಿನ ಮೇಲೆ ನಕ್ಕವರಲ್ಲಿ ಇಬ್ಬರು, ‘ನಮಗೂ ಬೇಕಿತ್ತಮ್ಮ, ಪಟ್ಟಣಕ್ಕೆ ಹೋಗೋರು ಯಾರು?’ ಎಂದರು. ನರ್ಸಮ್ಮ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡರು. ಆಶಾ ಕಾರ್ಯಕರ್ತೆಯರು ಮನೆಮನೆ ವಿಚಾರಿಸಿ ವಾರದೊಳಗೆ ಹದಿಮೂರು ಹೆಸರಾಯಿತು. ಡಾಕ್ಟರು ಒಬ್ಬೊಬ್ಬರನ್ನೂ ನೋಡಿ ಚೀಟಿ ಬರೆದರು. ಎಲ್ಲರ ಹಣ ಒಟ್ಟುಮಾಡಿ ರಸೀದಿ ಬರೆಸಿ, ಅಂಗಡಿಯಿಂದ ಲಸಿಕೆಯನ್ನು ತಂಪುಪೆಟ್ಟಿಗೆಯಲ್ಲೇ ನೇರವಾಗಿ ಆರೋಗ್ಯ ಕೇಂದ್ರದ ಶೀತಪೆಟ್ಟಿಗೆಗೆ ತರಿಸಿದರು. ಮೊದಲನೆಯ ಸೂಜಿ ನರ್ಸಮ್ಮನವರೇ ಹಾಕಿಸಿಕೊಂಡರು. ಎರಡನೆಯದು ನನ್ನ ಅಜ್ಜಿಗೆ. ಅರ್ಧ ಗಂಟೆ ಕೂರಿಸಿದ್ದಕ್ಕೆ ಅಜ್ಜಿ ಸಿಡುಕಿದಳು, ಆಮೇಲೆ ಎಲೆಯಡಿಕೆ ತೆಗೆದು ಅವರ ಜೊತೆ ಸೊಸೆಯರ ಮಾತಿಗೆ ಕುಳಿತಳು.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಮುಂಗಾರಿಗೆ ಒಂದೂವರೆ ತಿಂಗಳಿರುತ್ತದೆ. ಹೆಸರು ಬರೆಯುವುದನ್ನು ಈ ವರ್ಷವೂ ಶುರುಮಾಡಿದ್ದಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೋ, ಗುರುವಾರ ಅಂಗನವಾಡಿಗೆ ಬರುವ ನರ್ಸಮ್ಮನವರಿಗೋ, ನನಗೋ ಹೆಸರು ಹೇಳಿ. ಯಾರಿಗೆ, ವಯಸ್ಸೆಷ್ಟು, ಏನು ಕಾಯಿಲೆಯಿದೆ, ಯಾವ ಮಾತ್ರೆ ನುಂಗುತ್ತಾರೆ ಎಂಬುದನ್ನೂ ಸೇರಿಸಿ ಹೇಳಿ, ಮಾತ್ರೆಯ ಖಾಲಿ ಪಟ್ಟಿ ಇದ್ದರೆ ಅದನ್ನೇ ತನ್ನಿ. ಎಷ್ಟು ಹೆಸರು ಬಂದಿದೆಯೋ ಅಷ್ಟೇ ಲಸಿಕೆ ತರಿಸುವುದರಿಂದ, ಆ ದಿನ ಬೆಳಿಗ್ಗೆ ಬಂದು ಕೇಳಿದರೆ ಸಿಗುವುದು ಕಷ್ಟ. ಆರೋಗ್ಯ ಕೇಂದ್ರದವರೆಗೆ ನಡೆಯಲಾರದ ಹಿರಿಯರಿದ್ದರೆ ಅದನ್ನೂ ಮುಂಚಿತವಾಗಿ ತಿಳಿಸಿ. ದನದ ಲಸಿಕೆಯವರು ಯಾವ ದಿನ ಬರುತ್ತಾರೆಂಬುದನ್ನು ಪಂಚಾಯತಿ ಹಲಗೆಯ ಮೇಲೆ ಬರೆಸುತ್ತೇನೆ. ಅದರ ಕೆಳಗೇ ಈ ದಿನವನ್ನೂ ಬರೆಸುತ್ತೇನೆ.